ಬಾತುಕೋಳಿಯ ಹಿಂದಿನ ಬಸವನಹುಳು

"ನಿಜ ಹೇಳು ರುಫಿನೊ, ಈ ಬಾತುಕೋಳೀನ ನೀನೇ ಬರೆದ್ಯಾ?"

ಅಡುಗೆ-ಹೊಲಿಗೆ ಕಲಿಸುವ ನೆನಿತಾ ಟೀಚರ್ ಬೀಳ್ಕೊಡುಗೆಯ ಕಾರ್ಡನ್ನು ಮೂಗಿನ ತುದಿಗೆ ತಂದುಕೊಂಡು ಕೇಳಿದಳು. ಶಾಲೆಯ ಗುಮಾಸ್ತ ರುಫಿನೊ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಸುಮ್ಮನೆ ನಕ್ಕ. ಅವತ್ತಿನ ಫಜೀತಿಯೆಲ್ಲ ಶುರುವಾದದ್ದು ಆ ನಗೆಯಿಂದ.

ಬಾತುಕೋಳಿ ಅವನದಾಗಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ 'ಹಸಿರು ಛತ್ರಿ' ಎಂಬ ಅಂಗಡಿಯಿಂದ ನೂರು ಪೆಸೊ ಕೊಟ್ಟು ಇಳಿಸಿಕೊಂಡದ್ದು. ಡಿಜಿಟಲ್ ಸ್ಟಾಂಪ್ ಎಂದು ಅದರ ಹೆಸರು. ಸ್ಟಾಂಪ್ ಅನ್ನುವುದಕ್ಕೆ ಅದರಲ್ಲಿ ರಬ್ಬರೂ ಇಲ್ಲ, ಮರದ ಹಿಡಿಯೂ ಇಲ್ಲ. ಬರೀ ಗೆರೆಯ ಚಿತ್ರ. ಬೇಕಾದ ಅಳತೆಗೆ ಮುದ್ರಿಸಿ, ಬಣ್ಣ ತುಂಬಿ, ಕತ್ತರಿಸಿ, ಕಾರ್ಡಿಗೆ ಅಂಟಿಸಿದರೆ ಆಯಿತು. ಬಣ್ಣ ತುಂಬುವುದರಲ್ಲಿ ರುಫಿನೊನನ್ನು ಮೀರಿಸುವವರು ಇಡೀ ಬೊಹೋಲ್ ದ್ವೀಪದಲ್ಲಿ ಇರಲಿಲ್ಲ. ಅಂಚಿನ ಬಳ್ಳಿ, ಸುರುಳಿ, ಚುಕ್ಕಿಗಳ ಗೀಚು-ಚಿತ್ತಾರವೂ ಅವನ ಕೈಯದೇ. ಆದರೆ ಕನ್ನಡಕ ಹಾಕಿದ ಟೀಚರ್ ಬಾತುಕೋಳಿ, ಅದರ ಹಿಂದೆ ಬ್ಯಾಗು ಹೊತ್ತ ಐದು ಮರಿಗಳು, ಎಲ್ಲಕ್ಕೂ ಕೊನೆಗೆ ತಡವಾಗಿ ಬರುತ್ತಿರುವ ಒಂದು ಪುಟ್ಟ ಬಸವನಹುಳು, ಇವೆಲ್ಲ ಅಂಗಡಿಯವು. ರುಫಿನೊ ತಾನಾಗಿ ಬಾತುಕೋಳಿ ಬರೆದರೆ ಅದು ಇಸ್ತ್ರಿಪೆಟ್ಟಿಗೆಯಾಗುತ್ತಿತ್ತು.

ಹಾಗಂತ ಹೇಳಿಬಿಡಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದಿಂದ ಶಾಲೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಜೆರಾಕ್ಸ್' ಎಂದು. "ಜೆರಾಕ್ಸ್, ಮೂರು ಪ್ರತಿ." "ಜೆರಾಕ್ಸ್, ಎರಡೂ ಕಡೆ." ಇವತ್ತು ಮೊದಲ ಸಲ ನೆನಿತಾಳ ಬಾಯಲ್ಲಿ ರುಫಿನೊ ಎಂಬ ಹೆಸರು ಬಂದಿತ್ತು. ಬಂದ ಹೆಸರನ್ನು ಬಾಗಿಲಿಂದಲೇ ವಾಪಸು ಕಳಿಸುವುದು ಹೇಗೆ?

"ಏನೋ ಮ್ಯಾಮ್, ಕೂತಾಗ ಹಾಗೇ ಕೈ ಆಡಿಸಿದ್ದು," ಎಂದ.

"ಮತ್ತೆ ಈ ಹುಳು ಯಾಕೆ?"

"ಅದು ನನ್ನ ಗುರುತು. ಸಹಿ ಇದ್ದ ಹಾಗೆ."

ಮೊದಲನೆಯ ಸುಳ್ಳು ನಗೆಯಲ್ಲಿ ಸಾಗಿತ್ತು. ಎರಡನೆಯದಕ್ಕೆ ಬಾಯಿಯನ್ನೇ ಬಳಸಬೇಕಾಯಿತು. ಅಷ್ಟರಲ್ಲಿ ಕೊರಳಿಗೆ ಸೀಟಿ ನೇತುಹಾಕಿಕೊಂಡ ಡ್ರಿಲ್ ಮೇಷ್ಟ್ರು ಬೊಯೆಟ್ ಒಳಗೆ ಬಂದ. ಕಾರ್ಡು ನೋಡಿದವನೇ ಸೀಟಿ ಊದಿದ.

"ಮಧ್ಯಾಹ್ನ ಸಾಲ್ವೆ ಮ್ಯಾಮ್‌ಗೆ ಬೀಳ್ಕೊಡುಗೆ ಇದೆಯಲ್ಲ, ಇದನ್ನೇ ಸ್ಟೇಜ್ ಮೇಲೆ ದೊಡ್ಡದಾಗಿ ಬರೆಸೋಣ! ಎಲ್ಲರ ಕಣ್ಣೆದುರಿಗೆ!"

"ಸರ್, ನನಗೆ ಕೈ ನೋವು."

"ಯಾವ ಕೈ?"

"ಬಲಗೈ."

"ಅಷ್ಟೇ ತಾನೆ? ನೆನಿತಾ, ಕೊಬ್ಬರಿ ಎಣ್ಣೆ ತಗೊಂಡು ಬಾ."

ಹತ್ತು ನಿಮಿಷದಲ್ಲಿ ರುಫಿನೊನ ಬಲಗೈ ಬಾಣಲೆಗೆ ಬೀಳಲು ಸಿದ್ಧವಾದ ಮೀನಿನ ಹಾಗೆ ಹೊಳೆಯತೊಡಗಿತು. ಅರ್ಧ ಗಂಟೆಯಲ್ಲಿ ನೆನಿತಾ ಕಾರ್ಯಕ್ರಮದ ಪಟ್ಟಿಯನ್ನು ಇನ್ನೂರು ಪ್ರತಿ ಮುದ್ರಿಸಿಯೂಬಿಟ್ಟಳು. ಐದನೆಯ ಸಾಲು: 'ಕಲಾವಿದ ರುಫಿನೊ ಅವರಿಂದ ವೇದಿಕೆಯಲ್ಲೇ ಚಿತ್ರ ರಚನೆ.' ಅದನ್ನು ಓದಿ ಅವನು ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿಕೊಂಡ.

ಸಾಲ್ವೆ ಮ್ಯಾಮ್ ಮುಖ್ಯೋಪಾಧ್ಯಾಯಿನಿ. ಮಾತು ಕಡಿಮೆ, ಹೆಜ್ಜೆಯ ಸದ್ದು ಇನ್ನೂ ಕಡಿಮೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಬೆತ್ತ ಹಿಡಿದವರಲ್ಲ. ಕನ್ನಡಕದ ಮೇಲಿನಿಂದ ಅವರು ಒಮ್ಮೆ ನೋಡಿದರೆ ಸುಳ್ಳು ಹೇಳಿದವನ ಕಿವಿ ತಾನಾಗಿ ಕೆಂಪಗಾಗುತ್ತಿತ್ತು. ಅವರ ಕೊನೆಯ ದಿನ, ಅವರ ಎದುರಿಗೇ, ಇನ್ನೂರು ಜನರ ಮುಂದೆ ಇಸ್ತ್ರಿಪೆಟ್ಟಿಗೆ ಬರೆದರೆ ತನ್ನ ಗತಿಯೇನು? ಮತ್ತೆ ಜೆರಾಕ್ಸ್. ಅದೂ ಸುಳ್ಳುಗಾರ ಜೆರಾಕ್ಸ್.

ಊಟದ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು. ಕಾರ್ಡು ಮಾಡುವವರಿಗೆಲ್ಲ ಗೊತ್ತಿರುವುದೇ: ಗೆರೆ ಕಾಣಬಾರದು ಅನ್ನಿಸಿದರೆ ತೀರ ಮಸುಕಾಗಿ ಮುದ್ರಿಸುತ್ತಾರೆ. ಹಾಗೆಯೇ ಬಾತುಕೋಳಿಯನ್ನು ಹಲಗೆಯಷ್ಟು ದೊಡ್ಡದಾಗಿ, ಮಸುಕಾಗಿ, ಹಾಳೆಹಾಳೆಯಾಗಿ ಮುದ್ರಿಸಿ ಜೋಡಿಸಿ ತೂಗುಹಾಕಿದರೆ, ಕೂತವರಿಗೆ ಬಿಳಿ ಹಾಳೆ. ಹತ್ತಿರ ನಿಂತವನಿಗೆ ಗೆರೆ. ಮೇಲೆ ಪೆನ್ನು ಎಳೆದರೆ ಮುಗಿಯಿತು!

ಆಫೀಸಿನ ಬಾಗಿಲು ಮುಚ್ಚಿ ಪ್ರಿಂಟರ್ ಒತ್ತಿದ. ಅದು ಕೆಮ್ಮಿತು. ಕಪ್ಪು ಇಂಕು ಖಾಲಿ. ಇನ್ನೂರು ಪಟ್ಟಿ ಕುಡಿದುಹಾಕಿತ್ತು. ಕೆಂಪು, ನೀಲಿ ಎಂದೋ ಮುಗಿದಿದ್ದವು. ಉಳಿದದ್ದು ಹಳದಿ ಒಂದೇ. ಒಳ್ಳೆಯದೇ ಆಯಿತು, ಹಳದಿ ದೂರಕ್ಕೆ ಕಾಣುವುದೇ ಇಲ್ಲ ಎಂದುಕೊಂಡು ಒಂದೊಂದೇ ಹಾಳೆ ಇಳಿಸತೊಡಗಿದ. ಒಟ್ಟು ಹನ್ನೆರಡು. ಒಂಬತ್ತನೆಯದು ಬರುತ್ತಿರುವಾಗ ಕುತ್ತಿಗೆಯ ಹಿಂದೆ ಯಾರೋ ಉಸಿರಾಡಿದಂತಾಯಿತು.

"ಏನಪ್ಪಾ ಅದು?" ಸಾಲ್ವೆ ಮ್ಯಾಮ್!

"ಹಾಜರಿ ಮ್ಯಾಮ್! ಮಕ್ಕಳ ಹಾಜರಿ!"

ಪ್ರಿಂಟರು ಅದೇ ಹೊತ್ತು ನೋಡಿಕೊಂಡು ಬಾತುಕೋಳಿಯ ಹಿಂಭಾಗವನ್ನು ನಿಧಾನವಾಗಿ ಹೊರಗೆ ತಳ್ಳಿತು. ಮ್ಯಾಮ್ ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ರುಫಿನೊನ ಎರಡೂ ಕಿವಿ ಕೆಂಡವಾದವು.

"ಹಾಜರಿ ಚೆನ್ನಾಗಿದೆ," ಎಂದು ಹಾಳೆಯನ್ನು ಮೇಜಿನ ಮೇಲಿಟ್ಟು, ಫ್ಯಾನಿಗೆ ಹಾರದಂತೆ ಪಕ್ಕದಲ್ಲಿದ್ದ ಶಂಖದ ಚಿಪ್ಪನ್ನು ಅದರ ಮೇಲೆ ಹೇರಿ ಹೋದರು. ಪಾಪ, ವಯಸ್ಸಾಯಿತು, ಹಳದಿ ಕಂಡಿರಲಿಕ್ಕಿಲ್ಲ ಎಂದು ಅವನು ಬೆವರು ಒರೆಸಿಕೊಂಡ.

ಮೂರು ಗಂಟೆಗೆ ಸಭಾಂಗಣ ತುಂಬಿತು. ಮಕ್ಕಳು ತಲೆಯ ಮೇಲೆ, ಕೈಯಲ್ಲಿ ದೀಪ ಹೊತ್ತು ಕುಣಿದರು. ಕತ್ತಲಿರಲೆಂದು ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ಹನ್ನೆರಡು ಹಾಳೆ ಅಂಟಿಸಿದ 'ಬಿಳಿ' ಹಲಗೆ ವೇದಿಕೆಗೆ ಬಂತು. ರುಫಿನೊ ಬಿಳಿಯ ಬಾರೊಂಗ್ ಅಂಗಿ ತೊಟ್ಟು, ದಪ್ಪ ಕರಿಯ ಪೆನ್ನು ಹಿಡಿದು ಬಗ್ಗಿ ನೋಡಿದ. ಬಾತುಕೋಳಿ ಜಾಗದಲ್ಲೇ ಇತ್ತು. ಉಸಿರು ಬಿಟ್ಟ.

ಆಗ ನೆನಿತಾ ಮೈಕಿನಲ್ಲಿ, "ನಮ್ಮ ಕಲಾವಿದರಿಗಾಗಿ ಬೊಯೆಟ್ ಸರ್ ಅವರಿಂದ ವಿಶೇಷ ಬೆಳಕು!" ಎಂದಳು. ಬೊಯೆಟ್ ದೀಪಕ್ಕೆ ಚಿನ್ನದ ಬಣ್ಣದ ಹಾಳೆ ಸುತ್ತಿದ್ದ. ಸೀಟಿ ಊದಿ ಸ್ವಿಚ್ಚು ಒತ್ತಿದ. ವೇದಿಕೆಯೆಲ್ಲ ಹಳದಿಯಾಯಿತು. ಹಲಗೆಯಿಂದ ಬಾತುಕೋಳಿ, ಐದು ಮರಿ, ಹುಳು, ಎಲ್ಲವೂ ಹಾರಿಹೋದವು.

"ಸರ್, ಆ ಲೈಟು..." ರುಫಿನೊ ಪಿಸುಗುಟ್ಟಿದ.

"ಚೆನ್ನಾಗಿದೆ ಅಲ್ವಾ? ಎರಡು ರಾತ್ರಿ ಕೂತು ಮಾಡಿದ್ದು! ಬರಿ, ಬರಿ!"

ಇನ್ನೂರು ಜನ ಚಪ್ಪಾಳೆ ತಟ್ಟಿದರು. ರುಫಿನೊ ನೆನಪಿನಿಂದ ಒಂದು ಗೆರೆ ಎಳೆದ. ಎಣ್ಣೆಗೈಯಲ್ಲಿ ಪೆನ್ನು ಜಾರಿ ಗೆರೆ ಓರೆಯಾಯಿತು. ಇಸ್ತ್ರಿಪೆಟ್ಟಿಗೆಯ ಹಿಡಿ! ಮುಂದಿನ ಸಾಲಿನಲ್ಲಿ ಕೂತಿದ್ದ ಶಿಕ್ಷಣ ಇಲಾಖೆಯ ಸೂಪರ್‌ವೈಸರ್ ಕುತ್ತಿಗೆ ಉದ್ದ ಮಾಡಿದರು. ಈಗ ಮೂರ್ಛೆ ಬಂದು ಬೀಳುವುದೊಂದೇ ದಾರಿ, ಯಾವ ಪಕ್ಕಕ್ಕೆ ಬೀಳುವುದು ಎಂದು ಅವನು ಜಾಗ ಹುಡುಕುತ್ತಿರುವಾಗ ಗೌರವದ ಕುರ್ಚಿಯಿಂದ ದನಿ ಬಂತು:

"ಬೊಯೆಟ್, ಆ ಬೆಳಕು ನನ್ನ ಕಣ್ಣು ಚುಚ್ತಿದೆ. ಆರಿಸಿ, ಕಿಟಕಿ ತೆಗೀರಿ."

ಬೊಯೆಟ್ ಮುಖ ಚಿಕ್ಕದು ಮಾಡಿಕೊಂಡು ಆರಿಸಿದ. ಪರದೆ ಸರಿಯಿತು. ಬಾತುಕೋಳಿ ಮನೆಗೆ ಬಂತು. ರುಫಿನೊನ ಪೆನ್ನು ಓಡಿತು: ಕೊಕ್ಕು, ಕನ್ನಡಕ, ಮರಿ, ಮರಿ, ಕೊನೆಗೆ ಹುಳು. ಓರೆ ಗೆರೆಗೆ ನಾಲ್ಕು ಎಲೆ, ಎರಡು ಸುರುಳಿ ಹಾಕಿ ಬಳ್ಳಿ ಮಾಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಾಲ್ವೆ ಮ್ಯಾಮ್ ಮೈಕು ಕೇಳಿ ತೆಗೆದುಕೊಂಡರು. "ರುಫಿನೊ, ಆ ಹುಳು ಏನು?"

"ಅದು... ನನ್ನ ಗುರುತು ಮ್ಯಾಮ್."

"ಓಹೋ." ಸಭೆಯ ಕಡೆ ತಿರುಗಿದರು. "ನಾಳೆಯಿಂದ ನನಗೆ ಬಿಡುವು. ಚಿತ್ರ ಬರೆಯೋದು ಕಲೀಬೇಕು ಅಂತ ಬಹಳ ದಿನದ ಆಸೆ. ಪ್ರತಿ ಶನಿವಾರ ರುಫಿನೊ ನಮ್ಮ ಮನೆಗೆ ಬಂದು ಕಲಿಸ್ತಾರೆ."

ಚಪ್ಪಾಳೆಗೆ ತಗಡಿನ ಮಾಡು ಅದುರಿತು. ರುಫಿನೊ ಮಾತ್ರ ಅಲುಗಲಿಲ್ಲ.

ಪಾನ್ಸಿತ್ ಶಾವಿಗೆ ಮತ್ತು ಬಿಬಿಂಕಾ ಅಕ್ಕಿ ಕೇಕು ಹಂಚುವ ಹೊತ್ತಿಗೆ ಅವನು ಮ್ಯಾಮ್ ಕೊಠಡಿಗೆ ಓಡಿದ. ಎಲ್ಲ ಹೇಳಿಬಿಡುವುದು, ಕಾಲು ಹಿಡಿಯುವುದು, ಮತ್ತೆ ಜೆರಾಕ್ಸ್ ಆಗಿಬಿಡುವುದು.

"ಮ್ಯಾಮ್, ಆ ಚಿತ್ರ ನಂದಲ್ಲ, ಅದು..."

"ಎಡಗಾಲಲ್ಲಿ ಒಂದು ಬೆರಳು ಬಿಟ್ಟಿದ್ದೀಯ." ಅವರು ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಬೀಳ್ಕೊಡುಗೆಯ ಕಾರ್ಡನ್ನು ಮಗುಚಿ ಹಾಕಿ, ಪೆನ್ನು ಎತ್ತದೆ ಒಂದೇ ಉಸಿರಿಗೆ ಬರೆದರು: ಕೊಕ್ಕು, ಕನ್ನಡಕ, ಕಾಲಿಗೆ ಮೂರು ಬೆರಳು, ಕೊನೆಯಲ್ಲಿ ಬಸವನಹುಳು. ಈ ಸಲ ಹುಳುವಿನ ಬೆನ್ನಿಗೊಂದು ಬ್ಯಾಗು. ಬ್ಯಾಗಿನ ಮೇಲೆ ಹೆಸರು: ರುಫಿನೊ.

"ಹಸಿರು ಛತ್ರಿ... ನೀವಾ ಮ್ಯಾಮ್?"

"ಮೂರು ವರ್ಷದಿಂದ. ಈ ಊರಲ್ಲಿ ನನಗಿರೋ ಒಬ್ಬನೇ ಗಿರಾಕಿ ಯಾರು ಅಂತ ಇವತ್ತು ಗೊತ್ತಾಯ್ತು."

"ಹಾಗಾದ್ರೆ ಶನಿವಾರ..."

"ಒಂಬತ್ತು ಗಂಟೆಗೆ. ಮೊದಲು ಕೊಕ್ಕು ಬರೆಸ್ತೀನಿ. ಬರೋವರೆಗೂ ಬಿಡಲ್ಲ."

ಬಾಗಿಲಲ್ಲಿ ನೆನಿತಾಳ ತಲೆ ಇಣುಕಿತು. "ರುಫಿನೊ, ಇಲ್ಲಿದ್ದೀಯಾ! ನಿನ್ನ ಶನಿವಾರದ ಕ್ಲಾಸಿಗೆ ಹದಿನಾಲ್ಕು ಜನ ಹೆಸರು ಕೊಟ್ರು. ಸೂಪರ್‌ವೈಸರೂ ಬರ್ತಾರಂತೆ!"

ಸಾಲ್ವೆ ಮ್ಯಾಮ್ ಪೆನ್ನನ್ನು ಅವನ ಅಂಗಿಯ ಜೇಬಿಗೆ ಸಿಕ್ಕಿಸಿದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬಿಳಿಯ ಬಾರೊಂಗಿನ ಮೇಲೆ ಒಂದು ಕರಿಯ ಚುಕ್ಕಿ ಹುಟ್ಟಿ, ಯಾವ ಅವಸರವೂ ಇಲ್ಲದೆ, ಎದೆಯ ಕಡೆಗೆ ತೆವಳತೊಡಗಿತು.