ಪ್ಯಾಸೇಜ್ ತುಂಬಾ ಇಂಗ್ಲಿಷ್

ಮನೆಯಲ್ಲಿ ಹಳೆಯ ಇಂಗ್ಲಿಷನ್ನು ಪ್ರೀತಿಸುವವರು ಒಬ್ಬರಿದ್ದರೆ ಸಾಕು, ಇಂಥವು ಆಗುತ್ತಲೇ ಇರುತ್ತವೆ. ನಮ್ಮಲ್ಲಿ ಕಾಕಾ ಇದ್ದಾರೆ. ಧಾರವಾಡದ ಕಡೆಯವರು, ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಈ ಮರಾಠಿ ಊರಿನ ಸದಾಶಿವ ಪೇಠದಲ್ಲಿ, ಅವರ ಫ್ಲ್ಯಾಟಿನಲ್ಲೇ ನಾನೂ ಇದ್ದೇನೆ. ಹಳೆಯ ನಿಘಂಟು, ಪತ್ರ ಬರೆಯುವ ಕೈಪಿಡಿ, ಯಾವುದೋ ಸಾಹೇಬನ ಶಿಕಾರಿ ನೆನಪು, ಸಿಕ್ಕಿದ್ದೆಲ್ಲ ತರುತ್ತಾರೆ. ‘ತಕ್ಷಣ’ ಎನ್ನುವ ಬದಲು ‘ಫೋರ್ತ್‌ವಿತ್’ ಅನ್ನುವಾಗ ಅವರ ಮುಖ ಶ್ರೀಖಂಡ ತಿಂದವರ ಹಾಗಾಗುತ್ತದೆ.

ಒಳಗೆ ಜಾಗ ಮುಗಿದು ಪುಸ್ತಕಗಳು ಬಾಗಿಲ ಹೊರಗಿನ ಪ್ಯಾಸೇಜಿಗೆ ಬಂದವು. ತೆಗೆಯಿರಿ ಎಂದು ಕಟ್ಟಡದ ಸೊಸೈಟಿಯವರು ಹಟ ಹಿಡಿದರು. ತೆಗೆದರೆ ಅವಕ್ಕೆ ರದ್ದಿ ಅಂಗಡಿಯೇ ಗತಿ. ಕಾಕಾನ ನಿದ್ದೆ ಹಾರಿತು. ಪುಸ್ತಕ ತರುವುದು ಮಾತ್ರ ನಿಲ್ಲಲಿಲ್ಲ.

೧. ರಸಿಕ

ಒಂದು ಭಾನುವಾರ ರದ್ದಿ ಅಂಗಡಿಯಿಂದ ಒಂದು ಪುಸ್ತಕ ತಂದರು. ಒಳಗೆ ಅಲ್ಲಲ್ಲಿ ಪೆನ್ಸಿಲ್ ಗೆರೆ.

“ಇಂವ ಯಾರೋ ಭಾಳ ರಸಿಕ ಇದ್ದಾನ ನೋಡೋ. ನಾ ಮೆಚ್ಚೋ ಶಬ್ದಕ್ಕನ ಹುಡುಕಿ ಹುಡುಕಿ ಗೆರಿ ಹೊಡದಾನ” ಎಂದರು.

ಕಾಕಾನ ಹೆಂಡತಿ ಕಾಕು ಅಡುಗೆಮನೆಯಿಂದಲೇ ಹೇಳಿದರು: “ರಸಿಕರು ಊಟಕ್ಕ ಬರ್ರಿ. ಅದನ್ನ ಹೋದ ತಿಂಗಳ ನಾನ ರದ್ದಿಗೆ ಹಾಕಿದ್ದೆ.”

೨. ರಜೆ ಅರ್ಜಿ

ನಾನು ಭೋಸರಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಜ್ವರ ಬಂತು. ಒಂದು ದಿನದ ರಜೆಗೆ ಒಂದು ಸಾಲು ಸಾಕು ಎಂದೆ. ಕಾಕಾ ಒಪ್ಪಲಿಲ್ಲ. ಮೂರು ಪುಟ ಹೇಳಿ ಬರೆಸಿದರು. ‘ಐ ಬೆಗ್’ ಏಳು ಸಲ, ‘ಡು ದ ನೀಡ್‌ಫುಲ್’ ಎರಡು ಸಲ.

“ಒಮ್ಮೆ ಸಾಕಲ್ಲ ಕಾಕಾ?”

“ಸಪ್ಪಗಾಗತದ.”

ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದೆ. ಅವರು ಬೆಂಗಳೂರಿನವರು. ಉತ್ತರ ಬಂತು: “ಇಷ್ಟು ಬರೆಯೋ ಶಕ್ತಿ ಇದೆಯಲ್ಲ, ಕೆಲಸಕ್ಕೇ ಬಂದುಬಿಡಿ.”

೩. ನೋಟೀಸು

ಸೊಸೈಟಿಯ ಸೆಕ್ರೆಟರಿ ಬೆಳಗಾವಿ ಕಡೆಯ ಅರಿವೆ ವ್ಯಾಪಾರಿ. ಒಂದು ಸಂಜೆ ಖಾಲಿ ಲೆಟರ್‌ಹೆಡ್ ಹಿಡಿದು ಬಂದರು.

“ಕಾಕಾ, ಒಂದು ನೋಟೀಸ್ ಬರದು ಕೊಡ್ರಿ. ಮರಾಠಿ ನೋಟೀಸ್ ಕೊಟ್ರ ಜನ ಓದಿ ಜಗಳಕ್ಕ ಬರತಾರ. ಇಂಗ್ಲಿಷ್ ಇದ್ರ ಹೆದರತಾರ.”

“ಯಾರಿಗ್ರಿ?”

“ನಿಮಗರಿ. ಪ್ಯಾಸೇಜಿನ ಪುಸ್ತಕದ ಬಗ್ಗೆ. ಬ್ಯಾರೆ ಯಾರಿಗೂ ಛಲೋ ಇಂಗ್ಲಿಷ್ ಬರೂದಿಲ್ಲಲ್ಲ.”

ಕಾಕಾ ಪೆನ್ನಿನ ಟೋಪಿ ತೆಗೆದರು. “ಎಷ್ಟು ಸ್ಟ್ರಾಂಗ್ ಇರಬೇಕು?”

ಎರಡು ದಿನ ಬರೆದರು. ಪ್ಯಾಸೇಜಿಗೆ ಹೋಗಿ ನಿಘಂಟು ತರುವುದು, ನೋಡುವುದು, ಇಡುವುದು.

“ಸ್ವಲ್ಪ ಮೆತ್ತಗ ಬರೀರಿ ಕಾಕಾ, ಬರೂದು ನಮಗ” ಎಂದೆ.

“ನನ್ನ ಸಲುವಾಗಿ ಭಾಷಾ ಕೆಡಸಲೇನು?”

ವಾಚ್‌ಮನ್ ನೋಟೀಸು ತಂದುಕೊಟ್ಟ. ಕಾಕಾ ಕಾಕುಗೆ ಗಟ್ಟಿಯಾಗಿ ಓದಿ ಹೇಳಿದರು. ಏಳು ದಿನದೊಳಗೆ ಪುಸ್ತಕ ತೆಗೆಯಬೇಕು, ಫೋರ್ತ್‌ವಿತ್, ಯಾವ ಸಬೂಬೂ ನಡೆಯದು. “ಎಂಥಾ ಮಾತು. ಇದಕ್ಕ ಉತ್ತರನ ಇಲ್ಲ” ಎಂದರು. ಕಾಕು ಕನ್ನಡಕ ಹಾಕಿಕೊಂಡು ಕೇಳಿದರು, “ನಿಮಗ ಬುದ್ಧಿ ಅದನೋ ಇಲ್ಲೋ?”

ಏಳನೆಯ ದಿನ ರದ್ದಿಯವನು ಗೋಣಿಚೀಲ ತಂದ. ಕಾಕಾ ಒಂದೊಂದೇ ಪುಸ್ತಕದ ಧೂಳು ಒರೆಸಿ ಕೊಡತೊಡಗಿದರು. ಮೊದಲನೆಯ ಚೀಲ ಅರ್ಧ ತುಂಬಿತ್ತು. ಸೆಕ್ರೆಟರಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ನೀರಿನ ಕಚೇರಿಯ ಕಾಗದ.

“ಕಾಕಾ, ನಮ್ಮ ನೀರಿನ ಲೈನ್ ಬಂದ್ ಮಾಡತಾರಂತ. ಇವತ್ತ ಉತ್ತರ ಹೋಗಬೇಕು. ನಿಮ್ಮ ನೋಟೀಸಿನಂಗ ಒಂದು ಬರೀರಿ.”

“ಪುಸ್ತಕ ನೋಡದ ಹೆಂಗ ಬರೀಲಿ? ಅವು ಹೊಂಟಾವಲ್ರಿ.”

“ಹೋಗೂದು ಬ್ಯಾಡ. ಸೊಸೈಟಿ ಆಫೀಸ್‌ನ್ಯಾಗ ಇಡ್ರಿ.”

ರದ್ದಿಯವನು ಚೀಲ ಸುರಿದು ಗೊಣಗುತ್ತ ಹೋದ. ನಾನೂ ವಾಚ್‌ಮನ್ನನೂ ಸಂಜೆಯವರೆಗೆ ಪುಸ್ತಕ ಹೊತ್ತೆವು. ಆಫೀಸು ಎಂದರೆ ನೆಲಮಹಡಿಯ ಒಂದು ಚಿಕ್ಕ ಕೋಣೆ. ವಿಷಯವಾರು ಜೋಡಿಸಿದೆ. ಕಪಾಟು ತುಂಬಿತು, ನೆಲ ತುಂಬಿತು, ಮೇಜೂ ತುಂಬಿತು. ಕಾಕಾ ಒಳಗಿದ್ದ ಒಂದೇ ಕುರ್ಚಿಯಲ್ಲಿ ಕುಳಿತು ನೀರಿನ ಕಚೇರಿಗೆ ‘ಐ ಬೆಗ್’ ಎಂದು ಶುರು ಮಾಡಿದರು.

ಸೆಕ್ರೆಟರಿ ಫೈಲುಗಳನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದರು.

“ಕಾಕಾ, ಇನ್ನ ನಾ ಎಲ್ಲಿ ಕೂಡಲಿ?”

ಕಾಕಾ ಕಾಗದದಿಂದ ತಲೆ ಎತ್ತಲಿಲ್ಲ.

“ಮ್ಯಾಲೆ ನಮ್ಮ ಪ್ಯಾಸೇಜ್ ಖಾಲಿ ಅದಲ್ರೀ.”