ಬ್ಯಾರನ್ ಸಾಹೇಬರೂ ನನ್ನ ಗಡಿಯೂ

ಬೇಡ ಎನ್ನುವುದರಲ್ಲಿ ಎರಡು ಜಾತಿ. ನಿಜವಾಗಿ ಬೇಡವಾದದ್ದಕ್ಕೆ ಬೇಡ ಎನ್ನುವುದು ಒಂದು, ಇನ್ನೆರಡು ಸಲ ಒತ್ತಾಯ ಮಾಡಲಿ ಎಂದು ಬೇಡ ಎನ್ನುವುದು ಇನ್ನೊಂದು. ನಾನು ಹುಟ್ಟಾ ಎರಡನೆಯ ಜಾತಿಯವನು. ಊಟದ ಪಂಕ್ತಿಯಲ್ಲಿ ಬಡಿಸುವವರಿಗೆ ಇದು ಗೊತ್ತಿರುತ್ತದೆ, ಕೈ ಅಡ್ಡ ಹಿಡಿದರೂ ಎಲೆಗೆ ಪಾಯಸ ಬೀಳುತ್ತದೆ. ಆದರೆ ಬಡಿಸುವವರೆಲ್ಲ ಅಷ್ಟು ತಿಳಿದವರಲ್ಲ ಎಂಬುದು ನನಗೆ ಅರ್ಥವಾದದ್ದು ತೊಂಬತ್ತರ ದಶಕದಲ್ಲಿ, ಬಹರೈನಿನ ಅವಾಲಿಯ ಹತ್ತಿರ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಾಗ.

ನಮ್ಮ ಮ್ಯಾನೇಜರ್ ರಾಬಿನ್ ಎಂಬ ಇಂಗ್ಲಿಷ್ ಸಾಹೇಬರು. ಒಂದು ಬೆಳಿಗ್ಗೆ ಅವರಿಗೊಂದು ಫ್ಯಾಕ್ಸ್ ಬಂತು. ಇನ್ನೊಬ್ಬರ ಕಾಗದ ಓದಬಾರದು ಎಂಬುದು ನನಗೂ ಗೊತ್ತು, ಆದರೆ ಫ್ಯಾಕ್ಸು ತಾನಾಗಿಯೇ ಮುಖ ಮೇಲೆ ಮಾಡಿಕೊಂಡು ಹೊರಗೆ ಬರುತ್ತದಲ್ಲ! ಅವರ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಿದ್ದರು, ವಂಶದ ಬ್ಯಾರನ್ ಪದವಿ ಇವರಿಗೆ ಬಂದಿತ್ತು. ನಾನು ಚಹಾ ಮಾಡುವ ಉಳ್ಳಾಲದ ಹಮೀದ್ ಬ್ಯಾರಿಯ ಬಳಿಗೆ ಓಡಿದೆ. ಬ್ಯಾರಿ ಎಂದರೆ ನಮ್ಮ ಕರಾವಳಿಯ ಮುಸ್ಲಿಮರು. "ನಮ್ಮ ಸಾಹೇಬ್ರು ಬ್ಯಾರನ್ ಆದ್ರು!"

ಹಮೀದ್ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. "ಬ್ಯಾರಿ ಆದ್ರಾ? ಯಾವ ಮಸೀದಿಯಲ್ಲಿ ಶೆಟ್ರೆ? ನನ್ನತ್ರ ಒಂದು ಮಾತು ಹೇಳ್ಲಿಲ್ಲ ಅಲ್ವಾ ಅವ್ರು!"

"ಬ್ಯಾರಿ ಅಲ್ಲ ಮಾರಾಯ್ರೆ, ಬ್ಯಾರನ್. ಇಂಗ್ಲೆಂಡಿನ ಪಟ್ಟ."

"ಪಟ್ಟವಾ? ಜಾಗ ಎಷ್ಟುಂಟು?"

ಜಾಗ ಇರಲಿಲ್ಲ. ಬಂಗಲೆ ಅವರ ಅಜ್ಜನ ಕಾಲದಲ್ಲೇ ಮಾರಿಹೋಗಿತ್ತಂತೆ. ಉಳಿದದ್ದು ಹೆಸರು, ಮತ್ತು ಲಂಡನ್ನಿನ ಮೇಲ್ಮನೆಯಲ್ಲಿ ಒಂದು ಆಸನ. "ಹಾಗಾದ್ರೆ ಅವ್ರಿಗಿಂತ ನಾನೇ ಆಗ್ಬಹುದು," ಎಂದರು ಹಮೀದ್. "ಈ ಬ್ಯಾರಿಗೆ ಹದಿಮೂರು ಸೆಂಟ್ಸ್ ಜಾಗವಾದ್ರೂ ಉಂಟು."

ಅಂದಿನ ಪತ್ರಗಳಲ್ಲಿ ಸಾಹೇಬರ ಹೆಸರಿನ ಹಿಂದೆ ನಾನು ಭಕ್ತಿಯಿಂದ 'ಲಾರ್ಡ್' ಎಂದು ಟೈಪು ಮಾಡಿದೆ. ಅವರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು, "ಕಂಪ್ರೆಸರ್ ಕೆಟ್ಟರೆ ಲಾರ್ಡ್ ರಿಪೇರಿ ಮಾಡುವುದಿಲ್ಲ ಶೆಟ್ಟಿ," ಎಂದರು. ಆಮೇಲೆ, ತನಗಿರುವುದು ಒಬ್ಬಳೇ ಮಗಳು, ಪದವಿ ಅವಳಿಗೆ ಬರುವುದಿಲ್ಲ, ತನ್ನ ನಂತರ ಅದು ಕೆನಡಾದಲ್ಲಿರುವ, ತಾನು ಮುಖವನ್ನೇ ನೋಡದ ಒಬ್ಬ ದಾಯಾದಿಗೆ ಹೋಗುತ್ತದೆ ಎಂದರು. ನನಗೆ ಪಾಪ ಅನಿಸಿತು. ಜೊತೆಗೆ ಸ್ವಲ್ಪ ಜಂಬವೂ ಬಂತು. ನಮ್ಮಲ್ಲಿ ಅಳಿಯಸಂತಾನ, ಹೆಣ್ಣಿನಿಂದಲೇ ಮನೆತನ, ಸೋದರಮಾವನ ಸ್ಥಾನ ಅವರ ಅಕ್ಕತಂಗಿಯರ ಮಗನಿಗೆ ಎಂದು ವಿವರಿಸಿದೆ. "ಬುದ್ಧಿವಂತರು. ತಾಯಿ ಯಾರೆಂಬುದರಲ್ಲಿ ಸಂಶಯವೇ ಇಲ್ಲ," ಎಂದವರು, "ನಿಮ್ಮ ಮಾವನ ನಂತರ ಯಾರು?" ಎಂದು ಕೇಳಿದರು.

ನಾನು ತಲೆ ತಗ್ಗಿಸಿ ಇದ್ದದ್ದನ್ನೆಲ್ಲ ಹೇಳಿದೆ. ಮಾವ ತೀರಿಕೊಂಡು ವರ್ಷವಾಗಿತ್ತು. ಊರಿನ ಹಿರಿಯ ಭೂಮಾಲೀಕ ಮನೆತನವಾದ ನಮ್ಮ ಗುತ್ತಿನ ಮನೆಯ ಗಡಿ ನಾನು ಹಿಡಿಯಬೇಕಿತ್ತು. ಗಡಿ ಎಂದರೆ ದೇಶದ ಗಡಿಯಲ್ಲ, ಮನೆತನದ ಯಜಮಾನಿಕೆ. ಹಿಡಿದವನು ಊರಿಗೆ ಮರಳಬೇಕು, ದೈವದ ನೇಮೋತ್ಸವಕ್ಕೆ ಮುಂದೆ ನಿಲ್ಲಬೇಕು, ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಮನೆಯ ಕಟ್ಟುಕಟ್ಟಳೆಯ ಪ್ರಕಾರ, ಮೀನು ಬಿಡಬೇಕು. ನೌಕರಿ ಬಿಟ್ಟೇನು, ಮೀನು ಹೇಗೆ ಬಿಡಲಿ? ನನಗೆ ಬೇಡ, ಬೇರೆ ಯಾರನ್ನಾದರೂ ನೋಡಿ ಎಂದು ತಂಗಿಗೆ ಪತ್ರ ಬರೆದು ಎರಡು ತಿಂಗಳಾಗಿತ್ತು. ಅವಳು ಒತ್ತಾಯ ಮಾಡಿ ಬರೆಯುತ್ತಾಳೆಂದು ದಿನಾ ಅಂಚೆ ಕಾಯುತ್ತಿದ್ದೆ.

ಸಾಹೇಬರು ನಗಲಿಲ್ಲ. "ಬೇಡ ಎಂದು ಬರೆದುಕೊಡುವ ಅವಕಾಶ ನನಗೂ ಇದೆ," ಎಂದರು. "ಆದರೆ ಮೊನ್ನೆಯವರೆಗೆ ಅದು ನನ್ನ ಅಣ್ಣನ ಹೆಸರು. ಅದನ್ನು ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ."

ಆ ಮಾತು ನನಗೆ ನಾಟಿತು. ಚಾವಡಿಯ ಉಯ್ಯಾಲೆಯಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಾಳೆ ಇದು ನಿನ್ನ ಜಾಗ, ಸರಿಯಾಗಿ ಕೂತ್ಕೊ" ಎನ್ನುತ್ತಿದ್ದುದು ನೆನಪಾಯಿತು. ಅವರು ಹೋದಾಗ ರಜೆ ಸಿಗಲಿಲ್ಲವೆಂದು ನಾನು ಊರಿಗೂ ಹೋಗಿರಲಿಲ್ಲ. ಸಂಜೆಯೇ ಟೆಲಿಫೋನ್ ಬೂತಿಗೆ ಹೋಗಿ ತಂಗಿಗೆ ಫೋನು ಮಾಡಿದೆ. ಮೀನು ಬಿಡುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಸಂತೋಷ ಒಪ್ಪಿದ, ಅಣ್ಣ," ಎಂದಳು. ಸಂತೋಷ ಮುಂಬೈಯಲ್ಲಿರುವ ನಮ್ಮ ತಮ್ಮ. "ದೈವದ ಎದುರು ಮಾತೂ ಕೊಟ್ಟಾಯ್ತು. ನೀನೇ ಬೇಡ ಅಂತ ಬರ್ದದ್ದಲ್ವಾ?"

"ಹೌದು, ಒಳ್ಳೇದಾಯ್ತು," ಎಂದೆ. ಒಳ್ಳೆಯದೇನೂ ಆಗಿರಲಿಲ್ಲ. ನನಗೆ ತುಂಬ ಬೇಸರವಾಗಿತ್ತು.

ಆ ಶುಕ್ರವಾರ, ನನ್ನ ಜೊತೆ ಬಹರೈನಿನಲ್ಲೇ ಇದ್ದ ಹೆಂಡತಿ ತೆಂಗಿನಕಾಯಿ ಅರೆದು ಹಮೂರ್ ಮೀನಿನ ಗಸಿ ಮಾಡಿದ್ದಳು. ಗಡಿ ಬಿಟ್ಟು ಉಳಿಸಿಕೊಂಡ ಮೀನು! ಒಂದು ತುತ್ತು ತಿಂದು, ಉಪ್ಪಿಲ್ಲ, ಹುಳಿಯಿಲ್ಲ, ಇದೂ ಒಂದು ಗಸಿಯಾ ಎಂದು ರೇಗಿದೆ.

"ಗುತ್ತಿನ ಯಜಮಾನ್ರ ಹಾಗೆ ಬೊಬ್ಬೆ ಹಾಕ್ಬೇಡಿ," ಎಂದಳು ಅವಳು. "ಅದಕ್ಕೀಗ ನಿಮ್ಮ ತಮ್ಮ ಇದ್ದಾರೆ. ಇನ್ನೊಂದು ತುಂಡು ಹಾಕ್ಲಾ?"

ನಾನು ತಟ್ಟೆಗೆ ಕೈ ಅಡ್ಡ ಹಿಡಿದು, "ಬೇಡ" ಎಂದೆ.

ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.