ಆಂಟೆನಾ ತಿರುಗಿಸಿದವರು ಯಾರು?

ಪತ್ತೇದಾರ ಕೊಲೆಗಾರನ ಹೆಸರು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶ್ಯಾಮಲಮ್ಮನವರ ಟೀವಿಯ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು ಕುಣಿದವು. ಗರ್ರೆಂಬ ಸದ್ದಿನೊಳಗೆ ಪತ್ತೇದಾರನೂ ಮುಳುಗಿದ, ಕೊಲೆಗಾರನೂ ಮುಳುಗಿದ.

ಶಿಡ್ಲಘಟ್ಟದ ಆ ವಠಾರದಲ್ಲಿ ಎಂಬತ್ತೇಳನೇ ಇಸವಿಯಲ್ಲಿ ಇದ್ದದ್ದು ಅದೊಂದೇ ಟೀವಿ. ವಠಾರದ ಒಡತಿಯೂ ಶ್ಯಾಮಲಮ್ಮನವರೇ. ಭಾನುವಾರ ಬೆಳಿಗ್ಗೆ ಆ ಹಿಂದಿ ಧಾರಾವಾಹಿಯ ಹೊತ್ತಿಗೆ ಬಾಡಿಗೆಯವರೆಲ್ಲ ಅವರ ನಡುಮನೆಯಲ್ಲಿ ಹಾಜರು. ಎದುರು ಬಂದವನ ಚಪ್ಪಲಿಯ ಮಣ್ಣು ನೋಡಿಯೇ ಅವನ ಊರು, ಕಸುಬು, ಮನಸ್ಸಿನ ಕೊಳೆ ಎಲ್ಲವನ್ನೂ ಹೇಳಿಬಿಡುವ ಪತ್ತೇದಾರನ ಕತೆ ಅದು. ಅವನ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದವರು ನಿವೃತ್ತ ಹಿಂದಿ ಮೇಷ್ಟ್ರು ವೆಂಕಟರಾಯಪ್ಪ. ಹೇಳಿ ಹೇಳಿ ಅವರಿಗೂ ಅರ್ಧ ಪತ್ತೇದಾರನ ಕಳೆ ಬಂದಿತ್ತು.

ಮೇಷ್ಟ್ರು ಅಂಗಳಕ್ಕಿಳಿದು ತಲೆಯೆತ್ತಿ ನೋಡಿದರು. ಬೆಂಗಳೂರಿಗೆ ಮುಖ ಮಾಡಿರಬೇಕಾದ ಆಂಟೆನಾ ಚಿಂತಾಮಣಿಯ ಕಡೆ ತಿರುಗಿ ನಿಂತಿತ್ತು. ಚಿಂತಾಮಣಿಯಿಂದ ಯಾರೂ ಏನನ್ನೂ ಪ್ರಸಾರ ಮಾಡುತ್ತಿರಲಿಲ್ಲ.

"ಇದು ತಾನಾಗಿ ತಿರುಗಿದ್ದಲ್ಲ. ತಿರುಗಿಸಿದ್ದು," ಎಂದರು.

ಆಮೇಲೆ ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡುತ್ತ ಬಂದು ಕೋನಪ್ಪನ ಮುಂದೆ ನಿಂತರು. ಕೋನಪ್ಪ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರೊಂದರಲ್ಲಿ ನೂಲಿನ ಲಡಿ ತೂಗುವವನು. ಕತೆ ಕಾವೇರಿದಾಗ ಎದ್ದು ಹೊರಗೆ ಹೋದವನು ಅವನೊಬ್ಬನೇ. ಅವನ ಮೊಣಕೈಗೆ ಸುಣ್ಣ ಮೆತ್ತಿತ್ತು. ಮಹಡಿ ಮೆಟ್ಟಿಲ ಗೋಡೆಗೆ ಮೊನ್ನೆಯಷ್ಟೇ ಸುಣ್ಣ ಬಳಿಸಿದ್ದರು. ಇದಿಷ್ಟನ್ನೂ ಮೇಷ್ಟ್ರು ಬೆರಳು ಮಡಿಚಿ ಮಡಿಚಿ ಎಲ್ಲರ ಮುಂದೆ ಹೇಳಿದರು.

ಕೋನಪ್ಪ ಹೋಗಿದ್ದದ್ದು ಹಿತ್ತಲ ಕಕ್ಕಸಿಗೆ. ಅದರ ಗೋಡೆಗೂ ಮೊನ್ನೆಯದೇ ಸುಣ್ಣ. ಕೊಲೆಗಾರ ತಪ್ಪಿಹೋದಾನೆಂದು ಅಲ್ಲಿಂದ ಅವಸರವಾಗಿ ಓಡಿ ಬಂದಿದ್ದ. ಆದರೆ ಅಷ್ಟು ಜನ ಹೆಂಗಸರ ಎದುರು ಅದನ್ನು ಹೇಗೆ ಹೇಳುವುದು? ಸುಮ್ಮನೆ ಹೋಗಿದ್ದೆ ಎಂದ.

"ಸುಮ್ನೆ ಯಾರೂ ಹೋಗಲ್ಲ ಕೋನಪ್ಪ," ಎಂದರು ಮೇಷ್ಟ್ರು, ಬಹಳ ಮೃದುವಾಗಿ.

ಆ ಮೃದುತನವೇ ಅವನನ್ನು ಉರಿಸಿದ್ದು. ಹುಟ್ಟಿದಾಗಿನಿಂದ ಇನ್ನೊಬ್ಬರ ತೋಟದ ಒಂದು ಹಿಪ್ಪುನೇರಳೆ ಎಲೆ ಕಿತ್ತವನಲ್ಲ. ಕೊಲೆಗಾರ ಯಾರೆಂದು ತಿಳಿಯದ ಸಂಕಟ ಅವನಿಗೂ ಎಲ್ಲರಷ್ಟೇ ಇತ್ತು. ಅದರ ಮೇಲೆ ಈ ಅಪವಾದ. ಪಕ್ಕದಲ್ಲಿ ಕೂತಿದ್ದ ವಠಾರದ ಮುದುಕಿ ಪೆದ್ದಮ್ಮ ಅಯ್ಯೋ ನಾಯನಾ ಎಂದು ನಿಟ್ಟುಸಿರು ಬಿಟ್ಟು, ನೆಲದ ಮೇಲಿದ್ದ ತನ್ನ ಎಲೆಅಡಿಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಅದನ್ನು ಕಂಡು ಕೋನಪ್ಪನ ತಾಳ್ಮೆ ಹರಿಯಿತು.

"ಮಾಡಿದೋರು ಯಾರೇ ಆಗ್ಲಿ, ಅವ್ರಿಗೆ ಒಂದು ತಿಂಗ್ಳು ನಲ್ಲಿ ನೀರು ಕೊಡಬಾರ್ದು. ಸಾಯಂಕಾಲದೊಳಗೆ ನಾನೇ ಹಿಡ್ಕೊಡ್ತೀನಿ."

ವಠಾರಕ್ಕೆಲ್ಲ ನಲ್ಲಿ ಒಂದೇ, ಅದರ ಬೀಗದ ಕೈ ಶ್ಯಾಮಲಮ್ಮನವರ ಸೊಂಟದಲ್ಲಿ. ಶಿಕ್ಷೆ ನ್ಯಾಯವಾಗಿದೆ ಎಂದು ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಮೊದಲು ಒಪ್ಪಿದವರು ಶ್ಯಾಮಲಮ್ಮನವರೇ. ಆಮೇಲೆ ಅವರೊಬ್ಬರೇ ಮಹಡಿ ಹತ್ತಿ ಆಂಟೆನಾ ಸರಿಮಾಡಿ ಬಂದು, ಟೀವಿಯ ಕಡೆಯೂ ನೋಡದೆ ಅಡುಗೆಮನೆಗೆ ಹೋದರು. ಅಷ್ಟು ಹೊತ್ತಿಗೆ ಧಾರಾವಾಹಿ ಮುಗಿದು ವ್ಯವಸಾಯದ ಕಾರ್ಯಕ್ರಮ ಬರುತ್ತಿತ್ತು.

ಮಧ್ಯಾಹ್ನ ಕೋನಪ್ಪ ಒಬ್ಬನೇ ಕೂತು ಉಂಡ. ಹೆಂಡತಿ ಆಂಜಿನಮ್ಮ ಮೊದಲ ಬಸ್ಸಿಗೇ ಮಂಡಿಕಲ್ಲಿನ ತವರಿಗೆ ಹೋಗಿದ್ದಳು. ದುಃಖ ಹೇಳಿಕೊಳ್ಳಲೂ ಜನವಿಲ್ಲ. ಬೀಡಿ ತರಲು ಹೋದರೆ ಅಂಗಡಿಯ ಮುನಿನಾರಾಯಣಪ್ಪ ಕಟ್ಟು ಕೊಡುತ್ತ, ನಮ್ಮ ಮನೆಗೂ ಟೀವಿ ತರಬೇಕು ಅಂತಿದೀನಿ, ನೀನು ಹೂಂ ಅಂದರೆ ಮಾತ್ರ ತರ್ತೀನಪ್ಪ ಎಂದ. ಕೋನಪ್ಪ ಬೀಡಿಯನ್ನು ಅಲ್ಲೇ ಬಿಟ್ಟು ಬಂದು ನೆಟ್ಟಗೆ ಮಹಡಿ ಹತ್ತಿದ.

ಮೂರು ಗಂಟೆಯ ಬಿಸಿಲಿಗೆ ಮಹಡಿ ಕಾದ ಹೆಂಚಾಗಿತ್ತು. ಪತ್ತೇದಾರನ ಹಾಗೆ ನಿಂತು ಯೋಚಿಸಬೇಕೆಂದಿದ್ದವನು ಕುಣಿಯುತ್ತಲೇ ಯೋಚಿಸಬೇಕಾಯಿತು. ಆದರೂ ಸುಳಿವು ಸಿಕ್ಕಿತು. ಆಂಟೆನಾದ ಕಂಬದ ಬುಡಕ್ಕೆ ಒಂದು ನೀಲಿ ನೈಲಾನ್ ಹಗ್ಗ ಕಟ್ಟಿತ್ತು. ಅದರ ಇನ್ನೊಂದು ತುದಿ ಮೋಟುಗೋಡೆಯ ಕೊಂಡಿಗೆ. ಹಗ್ಗದ ಮೇಲೆ ಬಟ್ಟೆಯಿರಲಿಲ್ಲ, ನಡುವೆ ಒಣಗಿದ ಸೋಪಿನ ಬಿಳಿ ಕಲೆ ಮಾತ್ರ ಇತ್ತು. ಯಾರೋ ಭಾರದ ಬಟ್ಟೆ ಒಣಹಾಕಿದ್ದಾರೆ, ಗಾಳಿ ಬೀಸಿದೆ, ಬಟ್ಟೆ ಎಳೆದಿದೆ, ಕಂಬ ತಿರುಗಿದೆ. ಐದೇ ನಿಮಿಷಕ್ಕೆ ಇಷ್ಟೆಲ್ಲ ಹೊಳೆದದ್ದಕ್ಕೆ ತನ್ನ ತಲೆಯ ಬಗ್ಗೆ ಕೋನಪ್ಪನಿಗೇ ಗೌರವ ಹುಟ್ಟಿತು.

ಹಗ್ಗ ಬಿಚ್ಚಿಕೊಂಡ. ಅದರ ತುದಿ ಎಳೆ ಬಿಡದಿರಲೆಂದು ಬೆಂಕಿಕಡ್ಡಿಯಲ್ಲಿ ಸುಟ್ಟು, ಮೇಲೆ ಕೆಂಪು ದಾರ ಸುತ್ತಿತ್ತು. ಸುಟ್ಟವನೂ ಸುತ್ತಿದವನೂ ಕೋನಪ್ಪನೇ. ಅದು ಅವನ ಮನೆಯ ಹಗ್ಗ.

ಬಿಸಿಲಿನಲ್ಲೇ ಅವನು ತಣ್ಣಗಾದ. ತವರಿಗೆ ಹೊರಡುವ ಮುಂಚೆ ಆಂಜಿನಮ್ಮ ಬಟ್ಟೆ ಒಗೆದಿದ್ದು ನೆನಪಾಯಿತು.

ಕೆಳಗೆ ವಠಾರವೆಲ್ಲ ಕಾಯುತ್ತಿತ್ತು. ಹಗ್ಗವನ್ನು ಬನಿಯನ್ನೊಳಗೆ ತುರುಕಿಕೊಂಡು ಇಳಿದ. ಅಷ್ಟು ಉದ್ದದ ಹಗ್ಗ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಮೇಷ್ಟ್ರು ಬಾಲದಂತೆ ಇಳಿಬಿದ್ದ ತುದಿ ಹಿಡಿದು ಎಳೆದರು. ಇದು ಆಂಜಿನಮ್ಮನ ಹಗ್ಗವಲ್ಲವೇ ಎಂದು ಪೆದ್ದಮ್ಮ ಗುರುತಿಸಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಬಸ್ಸಿಳಿದು ಬರುವ ಹೆಂಡತಿಯ ಕಡೆ ಇದೇ ಕಣ್ಣುಗಳು ತಿರುಗುವುದನ್ನು ನೆನೆದು ಕೋನಪ್ಪ ಎದೆಯುಬ್ಬಿಸಿ ನಿಂತ.

"ಅವಳದೇನೂ ಇಲ್ಲ. ಕಟ್ಟಿದ್ದೂ ನಾನೇ, ತಿರುಗಿಸಿದ್ದೂ ನಾನೇ."

ಏನೋ ಹೇಳಲು ತೆರೆದ ಬಾಯನ್ನು ಶ್ಯಾಮಲಮ್ಮನವರು ಮುಚ್ಚಿಕೊಂಡರು. ಬೆಳಿಗ್ಗೆಯೇ ಹೇಳಿದ್ದೆ ಎಂದು ಮೇಷ್ಟ್ರು ಎಲ್ಲರಿಗೂ ನೆನಪಿಸಿದರು.

ಸಂಜೆ ಆಂಜಿನಮ್ಮ ಬಂದಾಗ ಕೋನಪ್ಪ ನಡೆದುದೆಲ್ಲವನ್ನೂ ಹೇಳಿ, ನಿನ್ನ ಮಾನ ಉಳಿಸಿದೆ ಎಂದ. ಅವಳು ಚೀಲ ಕೆಳಗಿಡುವುದನ್ನೂ ಮರೆತು ಅವನನ್ನೇ ನೋಡಿದಳು.

"ಆ ಹಗ್ಗ ಹೋದ ವಾರಾನೇ ಶ್ಯಾಮಲಮ್ಮ ಈಸ್ಕೊಂಡೋಗಿದ್ರು. ಬೆಳಿಗ್ಗೆ ನಾನು ಹೊರಟಾಗ ಅವರೇ ಮಹಡಿ ಮೇಲೆ ಜಮಖಾನ ಒಣಗಾಕ್ತಿದ್ರು ಕಣ್ರೀ. ನಮ್ಮ ಬಟ್ಟೆ ಹಿತ್ತಲಲ್ಲೇ ಇದಾವಲ್ಲ."

ಕೋನಪ್ಪ ಕೆಂಡವಾಗಿ ಹೋದ. ಶ್ಯಾಮಲಮ್ಮನವರು ನಲ್ಲಿಗೆ ಬೀಗ ಹಾಕುತ್ತಿದ್ದರು. ಅವನು ಕೇಳಿದ್ದಕ್ಕೆ ಒಂದಿಷ್ಟೂ ಬೇಸರವಿಲ್ಲದೆ ಹೌದೆಂದರು; ಆಂಟೆನಾ ಸರಿಮಾಡುವಾಗಲೇ ಜಮಖಾನ ತೆಗೆದು ಹಿತ್ತಲಿಗೆ ಹಾಕಿದೆನೆಂದೂ ಹೇಳಿದರು.

"ಹೇಳಣ ಅಂತಾನೇ ಬಾಯಿ ತೆಗೆದೆ ಕೋನಪ್ಪ. ಅಷ್ಟರಲ್ಲಿ ನೀನೇ ಒಪ್ಕೊಂಡುಬಿಟ್ಟೆ. ಈಗ ನಾನು ಅಂದ್ರೆ, ಅಷ್ಟು ಜನದ ಮುಂದೆ ನೀನು ಸುಳ್ಳು ಹೇಳ್ದಂಗಾಗಲ್ವಾ?"

ಕೋನಪ್ಪ ಎರಡು ಕೊಡ ತೆಗೆದುಕೊಂಡು ಬೀದಿಗಿಳಿದ. ಜಗಲಿಯ ಮೇಲೆ ಮೇಷ್ಟ್ರು ಪಕ್ಕದ ಬೀದಿಯವರಿಗೆ ಕೇಸು ಬಿಡಿಸಿ ಹೇಳುತ್ತಿದ್ದರು. ಅವನನ್ನು ಕಂಡು ಮಾತು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು.

"ನೋಡ್ತಾ ಇರಿ," ಎಂದರು ಪಕ್ಕದವರಿಗೆ. "ಇವನೀಗ ಬೋರ್‌ವೆಲ್ಲಿಗೆ ಹೋಗ್ತಾನೆ."